ಗುರಿ ತಪ್ಪಿದ ಜೋಗುಳ

"ಇಲ್ಲಿ ನೋಡಿ... ಆ ಪೀಪಿ ಸ್ವಲ್ಪ ನಿಲ್ಲಿಸ್ತೀರಾ?"

ತಮಿಳರಸಿ ಇದನ್ನು ಕೇಳಿದ್ದು ತಮಿಳಿನಲ್ಲಿ.

ತೇನಿಯ ಆ ಪುಟ್ಟ ನರ್ಸಿಂಗ್ ಹೋಮಿನ ವರಾಂಡದಲ್ಲಿ, ಎಷ್ಟೋ ದಿನಗಳ ಮೇಲೆ, ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಕಣ್ಣು ಹತ್ತಿತ್ತು. ಮಡಿಲಲ್ಲಿ ಫ್ಲಾಸ್ಕ್, ಗೋಡೆಗೆ ಒರಗಿದ ತಲೆ, ಅರ್ಧ ತೆರೆದ ಬಾಯಿ. ಹಸಿವು ರುಚಿ ಅರಿಯದು, ನಿದ್ದೆ ಹಾಸಿಗೆ ಅರಿಯದು ಅನ್ನುತ್ತಾರಲ್ಲ, ಅದೇ. ಅಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಪೀಂ ಪೀಂ ಎಂದು ಸದ್ದು ಶುರುವಾಗಿತ್ತು.

ಬೆಂಚಿನ ಆ ತುದಿಯಲ್ಲಿ ಒಬ್ಬ ಗಂಡಸು ಕೂತಿದ್ದ. ಮೂವತ್ತರ ಒಳಗಿನ ವಯಸ್ಸು, ಕೆದರಿದ ಕೂದಲು, ಕತ್ತರಿ ಕಾಣದ ಗಡ್ಡ. ಕೈಯಲ್ಲಿ ಬೂದು ಬಣ್ಣದ, ಅಂಗೈಯಗಲದ ವಿಡಿಯೋ ಗೇಮು. ಅದರ ಹಿಂದಿನ ಬ್ಯಾಟರಿ ಮುಚ್ಚಳ ಮುರಿದು, ರಬ್ಬರ್ ಬ್ಯಾಂಡ್ ಸುತ್ತಿದ್ದ. ಪುಟ್ಟ ತೆರೆಯನ್ನು ಬಿಸಿಲಿಗೆ ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

"ಮನ್ನಿಸಿ," ಎಂದ ಅವನೂ ತಮಿಳಿನಲ್ಲೇ. "ಸದ್ದು ಕಡಿಮೆ ಮಾಡೋ ತಿರುಗಣಿ ಕಿತ್ತುಹೋಗಿದೆ."

ಅವಳು ಮುಖ ಆ ಕಡೆ ತಿರುಗಿಸಿ ಮನೆಮಾತಿನಲ್ಲಿ ಗೊಣಗಿದಳು. "ಕತ್ತೆ ವಯಸ್ಸಾಗೈತೆ, ಕೈಯಾಗೆ ಕೂಸಿನ ಆಟದ ಸಾಮಾನು. ಇವ್ನ ಕಟ್ಕಂಡೋಳು ಹೆಂಗೆ ಬಾಳ್ತಾಳೋ, ಪಾವಂ."

ಅವನ ತುಟಿಯ ಮೂಲೆ ಸ್ವಲ್ಪ ಅಲುಗಿತು. ತಮಿಳರಸಿ ಅದನ್ನು ನೋಡಲಿಲ್ಲ. ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ನಾನೂ ನನ್ನ ಪಾಡಿಗೆ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ.

* * *

ಹೆಸರು ತಮಿಳರಸಿ, ಮನೆಮಾತು ಕನ್ನಡ. ತಮಿಳು ಸೀಮೆಯ ಕಂಬಂ ಕಣಿವೆಯಲ್ಲಿ ಇದು ಯಾರಿಗೂ ವಿಚಿತ್ರವಲ್ಲ. ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದು ನೆಲೆ ನಿಂತ ಒಕ್ಕಲು ಮನೆಗಳವು. ಹೊಲದಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ ತಮಿಳು. ಅಡುಗೆಮನೆಯಲ್ಲಿ, ಜಗಳದಲ್ಲಿ, ಅಳುವಾಗ ಕನ್ನಡ. ಹೊರಗಿನವರ ನಡುವೆ ಗುಟ್ಟು ಮಾತಾಡಲು ಇದಕ್ಕಿಂತ ಒಳ್ಳೆಯ ಬೀಗ ಬೇರೆ ಇಲ್ಲ.

ಆ ಜನರಲ್ಲಿ ಒಂದು ನಂಬಿಕೆಯೂ ಉಂಟು. ನಮ್ಮವನಾದರೆ, ನಮ್ಮ ಮಾತು ಕಿವಿಗೆ ಬಿದ್ದ ಕೂಡಲೇ "ನೀವು ಯಾವೂರು, ಯಾವ ಕುಲ?" ಎಂದು ಕೇಳಿಯೇ ಕೇಳುತ್ತಾನೆ. ಕೇಳದೆ ಕೂತನೋ, ಅವನು ಹೊರಗಿನವನು. ತಮಿಳರಸಿಯೂ ಹಾಗೇ ಲೆಕ್ಕ ಹಾಕಿದಳು.

ಅವಳು ಉತ್ತಮಪಾಳಯದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹೇಳಿಕೊಡುವವಳು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅವ್ವ ಕಾಳಿಯಮ್ಮಾಳ್, ಅವಳು, ಇಬ್ಬರೇ. ತೊಂಬತ್ತೊಂಬತ್ತರ ಆ ಮಾರ್ಚ್ ತಿಂಗಳಲ್ಲಿ ಅವ್ವನ ಕಾಲಿನ ಸಕ್ಕರೆ ಕಾಯಿಲೆಯ ಹುಣ್ಣು ಕೆರಳಿ, ಆಸ್ಪತ್ರೆ ಸೇರಬೇಕಾಯಿತು. ದಿನವೂ ಡ್ರೆಸ್ಸಿಂಗ್, ದಿನವೂ ನರಳಾಟ. ಅವ್ವನಿಗೆ ನಿದ್ದೆ ಇಲ್ಲ, ಆದ್ದರಿಂದ ಮಗಳಿಗೂ ಇಲ್ಲ.

ಇದರ ನಡುವೆ ಒಡ್ಡನ್‌ಛತ್ರದ ಸಂಬಂಧ ಬೇರೆ. ತರಕಾರಿ ಮಂಡಿ ಇಟ್ಟುಕೊಂಡ ಅವರ ಜನರೇ. ಅವ್ವ ಮನೆಗೆ ಬಂದ ಮೇಲಿನ ಶುಕ್ರವಾರ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದ್ದರು.

"ಏನಂತೀಯೆ, ಕಣ್ಣು?" ಎಂದು ಅವ್ವ ಕೇಳಿದಾಗ ತಮಿಳರಸಿ, "ಯಾರಾದ್ರೇನವ್ವಾ. ಮಲಗಾಕೆ ಬುಟ್ರೆ ಸಾಕು," ಎಂದಿದ್ದಳು. ತಮಾಷೆಗೆ ಅಂದದ್ದಲ್ಲ.

ಆ ವಾರ್ಡಿನಲ್ಲಿ ಹೆಂಗಸರ ಸಾಲಿಗೂ ಗಂಡಸರ ಸಾಲಿಗೂ ನಡುವೆ ಹಸಿರು ಪರದೆ. ಪರದೆಯ ಈಚೆ ಕಾಳಿಯಮ್ಮಾಳ್ ಮಂಚ, ಆಚೆ ಕರುಪ್ಪಯ್ಯನವರದು. ಕೊಡೈಕಾನಲ್ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಕರುಪ್ಪಯ್ಯ ಮೆಟ್ಟಿಲ ಮೇಲೆ ಜಾರಿಬಿದ್ದು, ಕಾಲೂ ಮುರಿದುಕೊಂಡು ದವಡೆಯೂ ಮುರಿದುಕೊಂಡಿದ್ದರು. ಮೇಲು ಹಲ್ಲಿಗೂ ಕೆಳಹಲ್ಲಿಗೂ ಸೇರಿಸಿ ಕಂಬಿ ಬಿಗಿದಿದ್ದರು. ಕೊಳವೆಯಲ್ಲಿ ಗಂಜಿ ಹೀರುವುದು, ಕಣ್ಣಲ್ಲಿ ಮಾತಾಡುವುದು. ಅವರ ಒಬ್ಬನೇ ಮಗ ಬಾಲಮುರುಗನ್. ಅವನೇ ಬೆಂಚಿನ ಮೇಲಿದ್ದ ಪೀಪಿಯವನು.

* * *

ಮಾರನೆಯ ಬೆಳಿಗ್ಗೆ ಡ್ರೆಸ್ಸಿಂಗ್ ಮಾಡುವಾಗ ಅವ್ವ ನೋವಿನಲ್ಲಿ ಮಗಳ ಕೈಯನ್ನೇ ಕಚ್ಚಿದಳು. ಆಮೇಲೆ, "ನೀನು ನನ್ನ ಸರ್ಯಾಗಿ ನೋಡ್ಕಂಡಿದ್ರೆ ಇಷ್ಟಾಗ್ತಿತ್ತಾ?" ಎಂದು ಬೈದಳು.

ತಮಿಳರಸಿ ಕೈ ಬಿಡಿಸಿಕೊಂಡಳು. ವರಾಂಡಕ್ಕೆ ಬಂದಳು. ನಲ್ಲಿಯ ಕೆಳಗೆ ಕೈ ಹಿಡಿದು ನಿಂತಳು. ಬಾಯಿಂದ ತಾನಾಗಿ ಮಾತು ಹೊರಬಿತ್ತು.

"ಅವ್ವ ಓಗ್ಬುಟ್ರೆ ನಾನು ಒಂದಿನ ನೆಮ್ಮದಿಯಾಗಿ ಮಲಗ್ತೀನಿ..."

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಏನಂದೆ ನಾನು? ಯಾರ ಬಗ್ಗೆ ಅಂದೆ? ತಿರುಗಿ ನೋಡಿದರೆ ಬಾಲಮುರುಗನ್ ಟಂಬ್ಲರ್ ತೊಳೆಯಲು ಬಂದು ಹಿಂದೆಯೇ ನಿಂತಿದ್ದ. ಸದ್ಯ, ಇವನಿಗೆ ತಿಳಿಯುವುದಿಲ್ಲ ಎಂದುಕೊಂಡಳು.

ಅವನು ಟಂಬ್ಲರನ್ನು ನಲ್ಲಿಯ ಪಕ್ಕದ ಕಟ್ಟೆಯ ಮೇಲಿಟ್ಟ. ಆಮೇಲೆ ತಮಿಳಿನಲ್ಲಿ ಹೇಳಿದ. "ನೀವು ಹೋಗಿ ಬೆಂಚಿನ ಮೇಲೆ ಸ್ವಲ್ಪ ಮಲಗಿ. ನಿಮ್ಮ ಅಮ್ಮನ ಡ್ರಿಪ್ ಬಾಟಲಿ ನಾನು ನೋಡ್ತಿರ್ತೀನಿ. ಮುಗಿಯೋ ಹೊತ್ತಿಗೆ ಸಿಸ್ಟರನ್ನ ಕರೀತೀನಿ."

"ನಿಮಗ್ಯಾಕೆ ತೊಂದರೆ?"

"ನಮ್ಮ ಅಪ್ಪನ ಬಾಟಲಿ ಹೇಗೂ ನೋಡ್ಬೇಕಲ್ಲ. ಪರದೆ ಸರಿಸಿದರೆ ಎರಡೂ ಕಾಣುತ್ತೆ."

ಅವಳು ಮಲಗಿದಳು. ಎದ್ದಾಗ ಬಿಸಿಲು ವರಾಂಡದ ಆ ಮೂಲೆಗೆ ಹೋಗಿತ್ತು. ಅವ್ವನ ಬಾಟಲಿ ಬದಲಾಗಿತ್ತು. ಬೆಂಚಿನ ತುದಿಯಲ್ಲಿ ಬಾಲಮುರುಗನ್ ಕೂತಿದ್ದ, ಆಟದ ಸಾಮಾನಿನ ಮೇಲೆ ಟವೆಲ್ ಸುತ್ತಿ, ಸದ್ದು ಹೊರಬರದ ಹಾಗೆ ಹಿಡಿದುಕೊಂಡಿದ್ದ. ನೋಡಿ ತಮಿಳರಸಿಗೆ ನಗು ಬಂತು. ನಕ್ಕು ಎಷ್ಟು ದಿನವಾಗಿತ್ತೋ ಅವಳಿಗೇ ನೆನಪಿರಲಿಲ್ಲ.

"ಏನದು ಅಂಥಾ ಆಟ? ತೋರಿಸಿ."

"ಮೃಗಗಳ ಜಗಳ," ಎಂದ ಅವನು. "ನಾನು ಬೆಟ್ಟದ ಮೇಲೆ ಒಂದು ಸ್ಕೂಲಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ಓದ್ತಿದ್ದ ಹೊರದೇಶದವನೊಬ್ಬ ಕೆಟ್ಟುಹೋಯ್ತು ಅಂತ ಇದನ್ನ ಬಿಟ್ಟುಹೋದ. ರಿಪೇರಿ ಮಾಡಿದೆ. ನೋಡಿ, ಇಲ್ಲಿ ಒಂದೊಂದು ಮೃಗಕ್ಕೆ ಒಂದೊಂದು ವಿದ್ಯೆ. ಒಂದು ಬೆಂಕಿ ಉಗುಳುತ್ತೆ. ಒಂದು ನೀರು ಎರಚುತ್ತೆ."

"ಈ ಉಂಡೆ ಥರದ್ದು?"

ತೆರೆಯ ಮೇಲೆ ದುಂಡಗಿನ ಮೈಯ, ದೊಡ್ಡ ಕಣ್ಣಿನ ಒಂದು ಪ್ರಾಣಿ ನಿಂತಿತ್ತು.

"ಇದಕ್ಕೆ ಏನೂ ಬರಲ್ಲ, ಪಾಪ. ಹೊಡೆದರೆ ಎದುರಿನದಕ್ಕೆ ಕಚಗುಳಿ ಇಟ್ಟ ಹಾಗಾಗುತ್ತೆ. ಇದಕ್ಕೆ ಬರೋದು ಹಾಡೊಂದೇ. ಹಾಡಿದರೆ ಎದುರಿನ ಮೃಗ ನಿದ್ದೆ ಹೋಗಿಬಿಡುತ್ತೆ."

"ಸಾಯುತ್ತಾ?"

"ಇಲ್ಲ. ಮಲಗುತ್ತೆ, ಅಷ್ಟೇ. ಏಳುವವರೆಗೆ ನಮ್ಮ ಮೇಲೆ ಕೈ ಮಾಡಲ್ಲ."

ಅವನು ಗುಂಡಿ ಒತ್ತಿದ. ಟವೆಲಿನ ಒಳಗಿಂದ ಪುಟ್ಟ ರಾಗವೊಂದು ಹೊರಟಿತು. ಎದುರಿಗಿದ್ದ ಕೋರೆಹಲ್ಲಿನ ದೊಡ್ಡ ಮೃಗ ತೂಕಡಿಸಿತು. ತಮಿಳರಸಿ ಅದನ್ನೇ ನೋಡುತ್ತಾ ಕೂತಳು. ಇಷ್ಟು ಸುಲಭವಾ? ಯಾರಾದರೂ ಹಾಡಿದರೆ ಸಾಕಾ?

"ಯಾವಾಗಲೂ ಫಲಿಸುತ್ತಾ?"

"ಎಲ್ಲಿ... ಅರ್ಧಕ್ಕರ್ಧ ತಪ್ಪುತ್ತೆ. ಗುರಿ ತಪ್ಪಿತು ಅಂತ ತೆರೆ ಮೇಲೆ ಬರೆದು ತೋರಿಸುತ್ತೆ. ಆಮೇಲೆ ನಮಗೆ ಬೀಳುತ್ತೆ ಸರಿಯಾಗಿ ಏಟು."

ಅಂದಿನಿಂದ ಅದೇ ಪದ್ಧತಿಯಾಯಿತು. ಅವಳು ಸ್ನಾನಕ್ಕೆ ಹೋದರೆ ಅವ್ವನನ್ನು ಅವನು ನೋಡಿಕೊಳ್ಳುವುದು, ಅವನು ಔಷಧಿ ತರಲು ಹೋದರೆ ಕರುಪ್ಪಯ್ಯನವರ ಕೊಳವೆಗೆ ಗಂಜಿ ಅವಳು ಹಾಕುವುದು. ಮಧ್ಯಾಹ್ನ ಬೆಂಚಿನ ಮೇಲೆ ಪುಟ್ಟ ಉಂಡೆ ಮೃಗದ ಹಾಡು. ಅವನ ಪಕ್ಕದಲ್ಲಿ ಕೂತ ಸ್ವಲ್ಪ ಹೊತ್ತಿಗೇ ಅವಳಿಗೆ ಕಣ್ಣು ಎಳೆಯುತ್ತಿತ್ತು. ತೆರೆಯ ಮೇಲೆ ತಪ್ಪುತ್ತಿದ್ದ ಹಾಡು ಅವಳ ಮೇಲೆ ಒಂದು ದಿನವೂ ತಪ್ಪಲಿಲ್ಲ.

ಅದಕ್ಕೆ ಹಾಡು ಕಾರಣವಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅವಳಿಗೆ ಗೊತ್ತಾಗಲು ಒಂದು ವಾರ ಬೇಕಾಯಿತು.

* * *

ಅವ್ವನನ್ನು ಮನೆಗೆ ಕಳಿಸುವ ದಿನ ಹತ್ತಿರ ಬಂತು. ಅಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತು, ಆಸ್ಪತ್ರೆಯೆಲ್ಲ ಬೇಯುತ್ತಿತ್ತು. ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಆಟದ ಸಾಮಾನಿನ ಬ್ಯಾಟರಿ ತೀರಿತ್ತು.

"ನಿಮ್ಮ ಮೃಗದ ಹಾಡು ನನಗೂ ಬರುತ್ತೆ," ಎಂದಳು ತಮಿಳರಸಿ. "ಹಾಡಲಾ?"

"ಹಾಡಿ, ನೋಡೋಣ."

ಅವಳು ಮೆಲ್ಲಗೆ ಗುನುಗಿದಳು. ಅವನು ನಗುತ್ತಲೇ ಕಣ್ಣು ಮುಚ್ಚಿ, ತಲೆಯನ್ನು ಗೋಡೆಗೆ ಒರಗಿಸಿದ. ಸ್ವಲ್ಪ ಹೊತ್ತಿಗೆ ನಗು ಹೋಯಿತು, ಉಸಿರು ನಿಧಾನವಾಯಿತು, ಸಣ್ಣಗೆ ಗೊರಕೆಯೂ ಬಂತು. ಪಾಪ, ಇವನಿಗೂ ನಿದ್ದೆ ಎಲ್ಲಿತ್ತು? ಕೆನ್ನೆ ಒಳಕ್ಕೆ ಹೋಗಿದೆ, ಕಣ್ಣಿನ ಕೆಳಗೆ ಕಪ್ಪಾಗಿದೆ.

ಅವಳು ಅವನನ್ನೇ ನೋಡುತ್ತಾ ಕೂತಳು. ಇನ್ನೆರಡು ದಿನ. ಆಮೇಲೆ ಈ ಮುಖ ಯಾವ ಬೆಟ್ಟದ ಮೇಲೋ, ತಾನು ಯಾವ ಮಂಡಿಯ ಹಿಂದಿನ ಮನೆಯಲ್ಲೋ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಅನ್ನಿಸಿತು. ಮನೆಮಾತಿನಲ್ಲಿ, ತಗ್ಗಿದ ದನಿಯಲ್ಲಿ, ಅವನಿಗೇ ಹೇಳಿದಳು.

"ಮಲಗಿದ್ಯಾ? ಮಲಗು. ಎಚ್ಚರಾಗಿದ್ರೂ ನಿನಗೆ ತಿಳ್ಯಾಕಿಲ್ಲ. ಶುಕ್ರವಾರ ನನ್ನ ನೋಡಾಕೆ ಬತ್ತಾರೆ. ನಾನು ಸರಿ ಅಂದ್ಬುಡ್ತೀನಿ, ಬ್ಯಾಡ ಅನ್ನಾಕೆ ನನಗೆ ತ್ರಾಣ ಇಲ್ಲ. ನೀನು ನಮ್ಮೋನಾಗಿದ್ರೆ ಅವ್ವನ ಕಾಲು ಹಿಡ್ಕಂಡಾದ್ರೂ ಕೇಳ್ತಿದ್ದೆ, ಈ ಗಡ್ಡದೋನೇ ಬೇಕು ಅಂತ. ನಿನ್ನ ಪಕ್ಕದಾಗೆ ಕೂತ್ರೆ ಮಾತ್ರ ನನಗೆ ನಿದ್ದೆ ಬತ್ತೈತೆ... ಇದನ್ನ ಯಾರ ತಾವ ಹೇಳ್ಲಿ?"

ಬೆಂಚಿನ ಹಿಂದಿನ ಕಿಟಕಿಯ ಒಳಗೆ, ಕರುಪ್ಪಯ್ಯನವರ ಮಂಚದ ಕಡೆಯಿಂದ, ಸ್ಟೀಲ್ ಟಂಬ್ಲರ್ ಬಿದ್ದ ಸದ್ದಾಯಿತು. ತಮಿಳರಸಿ ಕಣ್ಣೊರೆಸಿಕೊಂಡು ಎದ್ದು ಹೋದಳು.

ಬಾಲಮುರುಗನ್ ಕಣ್ಣು ಮುಚ್ಚಿಕೊಂಡೇ ಇದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅಂದುಕೊಂಡಿರಾ? ಅಲ್ಲ. ಅವನು ಹೆದರಿ ಕಲ್ಲಾಗಿದ್ದ.

* * *

ಮಾರನೆಯ ದಿನ ಡಾಕ್ಟರು ಕರುಪ್ಪಯ್ಯನವರ ದವಡೆಯ ಕಂಬಿ ಕತ್ತರಿಸಿದರು. ತಳ್ಳುವ ಮಂಚದಲ್ಲಿ ಅವರನ್ನು ವಾರ್ಡಿಗೆ ಕರೆತಂದಾಗ ತಮಿಳರಸಿಯೇ ಬೆಚ್ಚಗಿನ ಗಂಜಿ ಹಿಡಿದು ನಿಂತಿದ್ದಳು. ಅವರು ಒಂದು ಗುಟುಕು ಕುಡಿದರು. ದವಡೆಯನ್ನು ಆ ಕಡೆ ಈ ಕಡೆ ಆಡಿಸಿ ನೋಡಿದರು. ವಾರಗಳ ಮೇಲೆ ಆ ಬಾಯಿಂದ ಮೊದಲ ಮಾತು ಬಂತು. ಅಪ್ಪಟ ಮನೆಮಾತು.

"ಲೋ ಮುರುಗಾ. ಆ ಕೂಸು ನಿನ್ನೆ ಅಷ್ಟು ಬಿಚ್ಚಿ ಹೇಳ್ತು. ನೀನು ಕಳ್ಳಗೊರಕೆ ಹೊಡ್ಕಂಡು ಕುಂತಿದ್ದೆ. ನನ್ನ ಬಾಯಿಗೆ ಕಂಬಿ ಇತ್ತು. ನಿನ್ನ ಬಾಯಿಗೆ ಏನ್ಲಾ ಬಂದಿತ್ತು?"

ತಮಿಳರಸಿಯ ಕೈಯಲ್ಲಿದ್ದ ಟಂಬ್ಲರ್ ಓರೆಯಾಗಿ ಗಂಜಿ ಅವಳ ಕಾಲ ಮೇಲೆ ಚೆಲ್ಲಿತು. ಅವಳಿಗೆ ಗೊತ್ತಾಗಲಿಲ್ಲ.

"ನಿಮಗೆ... ನಮ್ಮ ಮಾತು ತಿಳೀತೈತಾ?" ಎಂದು ಕನ್ನಡದಲ್ಲೇ ಕೇಳಿದಳು.

ಬಾಲಮುರುಗನ್ ತಲೆ ಎತ್ತಲಿಲ್ಲ. ತಮಿಳಿನಲ್ಲಿ ಉತ್ತರಿಸಿದ. "ತಿಳಿಯುತ್ತೆ. ಮಾತಾಡಲು ಬಾಯಿ ಏಳಲ್ಲ."

"ಮೊದಲಿಂದ ಎಲ್ಲಾನೂ?"

"ಎಲ್ಲಾ."

"ನಲ್ಲಿ ತಾವ... ಅವ್ವನ ಬಗ್ಗೆ ನಾನು ಅಂದದ್ದು?"

ಅವನು ತಗ್ಗಿಸಿದ ತಲೆಯನ್ನೇ ಹೂಂ ಎಂಬಂತೆ ಆಡಿಸಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರೀತಿಯ ಮಾತು ಕೇಳಿಸಿಕೊಂಡನಲ್ಲ ಎಂಬ ನಾಚಿಕೆಯನ್ನು ಅವಳು ಹೇಗೋ ನುಂಗುತ್ತಿದ್ದಳು. ಆದರೆ ಆ ಇನ್ನೊಂದು ಮಾತು? ಹೆತ್ತವಳು ಸಾಯಲಿ ಎಂದ ಮಗಳು ನಾನು. ಇವನಿಗೆ ಗೊತ್ತು. ದಿನವೂ ಪಕ್ಕದಲ್ಲಿ ಕೂತು ನಗುತ್ತಿದ್ದ, ಒಳಗೆ ಏನೆಂದುಕೊಳ್ಳುತ್ತಿದ್ದನೋ...

ಪರದೆಯ ಈಚೆಯಿಂದ ಕಾಳಿಯಮ್ಮಾಳ್ ದನಿ ಬಂತು. ಆಚೆಯವರು ಆಡಿದ್ದು ಮನೆಮಾತು ಎಂಬುದಷ್ಟೇ ಅವಳ ಕಿವಿಗೆ ಬಿದ್ದಿತ್ತು; ಏನು ಆಡಿದರೆಂಬುದು ತಲೆಗೇ ಹೋಗಿರಲಿಲ್ಲ. "ಏನು, ನೀವು ನಮ್ಮೋರಾ? ಇಷ್ಟು ದಿನ ಪಕ್ಕದಾಗೇ ಬಿದ್ದಿದ್ದೀವಿ! ಯಾವ ಕುಲ?"

ಕರುಪ್ಪಯ್ಯ ಹೇಳಿದರು.

"ಅಂಗಾದ್ರೆ ನೀವು ನನಗೆ ಅಣ್ಣ ಆಗ್ಬೇಕು."

"ಅಂಗಾದ್ರೆ ನನ್ನ ಮಗ ನಿನ್ನ ಮಗಳಿಗೆ ಮೊರೆ ಆಗ್ತಾನೆ, ತಂಗಚ್ಚಿ."

ಮೊರೆ ಎಂದರೆ ಕೊಟ್ಟು ತರುವ ಸಂಬಂಧ. ಆ ಜನರಲ್ಲಿ ಹಿರಿಯರು ಮೊರೆ ಎಣಿಸಿ ಮುಗಿಸಿದರೆ ಅರ್ಧ ಮದುವೆ ಆದ ಹಾಗೆ. ಆದರೆ ತಮಿಳರಸಿ ಕಾಲಿನ ಗಂಜಿ ಒರೆಸುತ್ತಾ ಹೇಳಿದಳು.

"ನನಗೆ ಯಾವ ಮೊರೆಯೂ ಬ್ಯಾಡ. ಶುಕ್ರವಾರ ಒಡ್ಡನ್‌ಛತ್ರದೋರು ಬರ್ಲಿ."

* * *

ಮರುದಿನ ತೇನಿ ಬಸ್ ನಿಲ್ದಾಣದಲ್ಲಿ ಕಾಳಿಯಮ್ಮಾಳ್ ಮುಂದಿನ ಸೀಟಿನಲ್ಲಿ ಕಟ್ಟು ಕಟ್ಟಿದ ಕಾಲು ಚಾಚಿ ಕೂತಳು. ಇಬ್ಬರ ಸೀಟು ಅವಳಿಗೇ ಬೇಕಾಯಿತು. ಬಾಲಮುರುಗನ್ ಗಂಟುಮೂಟೆ ಹೊತ್ತು ಹತ್ತಿದ. ಅವನನ್ನು ಯಾರೂ ಕರೆದಿರಲಿಲ್ಲ. ಅಪ್ಪನೇ "ಹೋಗ್ಲಾ, ಮನೆ ಮುಟ್ಟಿಸಿ ಬಾ" ಎಂದು ಅಟ್ಟಿದ್ದರು.

ಅವನು ನಿಂತೇ ಇದ್ದುದನ್ನು ನೋಡಿ ಕಾಳಿಯಮ್ಮಾಳ್ ಗದರಿದಳು. "ಅವಳ ಪಕ್ಕದಾಗೆ ಕೂರು. ನನ್ನ ಅಣ್ಣನ ಮಗ ನೀನು, ಯಾರು ಏನಂತಾರೆ?"

ಅವನು ಕೂತ. ತಮಿಳರಸಿ ಕಿಟಕಿಯ ಕಡೆ ತಿರುಗಿದಳು. ಊರು ದಾಟಿ, ಗದ್ದೆ ಶುರುವಾಗಿ, ಬಾಳೆತೋಟ ಬಂದರೂ ಒಂದು ಮಾತಿಲ್ಲ. ಅವನು ಚೀಲದಿಂದ ಆಟದ ಸಾಮಾನು ತೆಗೆದ. ಹೊಸ ಬ್ಯಾಟರಿ ಹಾಕಿದ್ದ. ಕಿಟಕಿಯ ಬಿಸಿಲಿಗೆ ತಿರುಗಿಸಿ ಗುಂಡಿ ಒತ್ತಿದ. ಅದೇ ಪುಟ್ಟ ರಾಗ ಬಂತು.

ಅವನ ಮುಖ ನೋಡಬಾರದೆಂದು ಅವಳು ಕಣ್ಣು ಮುಚ್ಚಿದಳು. ತಲೆಯನ್ನು ಕಿಟಕಿಯ ಸರಳಿಗೆ ಒರಗಿಸಿದಳು. ಬಸ್ಸು ತೂಗುತ್ತಿತ್ತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಅವಳಿಗೆ ಆ ಭಾಗ್ಯ ಎಲ್ಲಿಯದು? ಸುಮ್ಮನೆ ಕಣ್ಣು ಮುಚ್ಚಿಕೊಂಡಿದ್ದಳು, ಅಷ್ಟೇ.

ತುಂಬಾ ಹೊತ್ತಿನ ಮೇಲೆ ಪಕ್ಕದಿಂದ ತಗ್ಗಿದ ದನಿ ಬಂತು. ಕನ್ನಡ. ತಡವರಿಸುವ, ಎಡವುವ ಕನ್ನಡ.

"ಮಲಗಿದ್ಯಾ... ಮಲಗು. ನನಗೆ ಈ ಮಾತು ಸರ್ಯಾಗಿ ಬರಾಕಿಲ್ಲ. ಚಿಕ್ಕೋನಿದ್ದಾಗ ಕಂಬಂನಾಗೆ ಒಂದು ಮದ್ವೆ. ತಾತನ್ನ ‘ಬಾರೋ, ಉಣ್ಣು’ ಅಂದ್ಬುಟ್ಟೆ. ಇಡೀ ಚಪ್ಪರವೇ ನಕ್ತು. ತಿದ್ದಾಕೆ ಅವ್ವ ಇರ್ಲಿಲ್ಲ. ಅವತ್ತು ಮುಚ್ಚಿದ ಬಾಯಿ."

ಅವಳು ಉಸಿರು ಬಿಗಿಹಿಡಿದಳು.

"ಮೊದಲ್ನೇ ದಿನವೇ ಹೇಳ್ಬೇಕಿತ್ತು. ನೀನು ಕತ್ತೆ ಅಂದೆ, ನಗು ಬಂತು, ಬುಟ್ಟೆ. ಮಾರ್ನೇ ದಿನ ನಲ್ಲಿ ತಾವ ನೀನು ಆ ಮಾತು ಅಂದೆ. ಆಮೇಲೆ ಹೆಂಗೆ ಹೇಳ್ಲಿ, ನನಗೆ ತಿಳೀತು ಅಂತ? ನೀನು ಕುಗ್ಗಿಹೋಗ್ತಿದ್ದೆ."

ಕಂಡಕ್ಟರ್ ದಾಟಿ ಹೋದ. ಅವನು ಕಾದು ಮತ್ತೆ ಶುರುಮಾಡಿದ.

"ನಮ್ಮವ್ವ ಕಾಯಿಲೆ ಬಿದ್ದಿದ್ದಾಗ ನಮ್ಮಯ್ಯನೂ ಅದೇ ಮಾತು ಅಂದಿದ್ರು. ಒಲೆ ಮುಂದೆ ಕುಂತು, ಒಬ್ರೇ. ನಾನು ಚಾಪೆ ಮೇಲೆ ಮಲಗಿದ್ದೆ, ಕೇಳಿಸ್ಕಂಡೆ. ನಮ್ಮಯ್ಯ ಕೆಟ್ಟೋರಲ್ಲ. ನಿದ್ದೆ ಇಲ್ದೋರು, ಅಷ್ಟೇ. ನೀನೂ ಅಷ್ಟೇ. ಅದ್ಕೇ ಅವತ್ತು ಮಲಗು ಅಂದೆ... ಶುಕ್ರವಾರ ಅವ್ರು ಬರೋದು ಬ್ಯಾಡ. ನನಗೆ ನೀನು ಬೇಕು."

ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಜಾರಿ ಅವಳ ಗಲ್ಲದವರೆಗೆ ಬಂತು. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಅದು. ಅವ್ವ ಸಾಯಲಿ ಅಂದವಳನ್ನು ಇವನು ಅಂದೇ, ಆ ಗಳಿಗೆಯಲ್ಲೇ, ಕ್ಷಮಿಸಿಬಿಟ್ಟಿದ್ದ. ಅವಳು ತನ್ನನ್ನು ತಾನು ಇನ್ನೂ ಕ್ಷಮಿಸಿರಲಿಲ್ಲ.

"ತಪ್ಪಿತು," ಎಂದಳು, ಕಣ್ಣು ಬಿಡದೆ.

ಅವನು ಬೆಚ್ಚಿದ. "ಏನು?"

"ನಿಮ್ಮ ಹಾಡು. ಗುರಿ ತಪ್ಪಿತು. ನಾನು ಮಲಗಿಲ್ಲ."

ಅವನು ಆಟದ ಸಾಮಾನು ಆರಿಸಿದ. "ಅವತ್ತು ನಿಂದೂ ತಪ್ಪಿತ್ತು," ಎಂದ.

ಈಗ ಅವಳು ಕಣ್ಣು ತೆರೆದಳು. "ಕೊನೇ ಮಾತು ಇನ್ನೊಂದ್ಸಲ ಹೇಳಿ. ನಾನು ನೋಡ್ತಿರುವಾಗ."

"ನಗ್ತೀಯ."

"ನಗಾಕಿಲ್ಲ."

"ನನಗೆ... ನೀನು ಬೇಕು."

ಅವಳು ನಗಲಿಲ್ಲ. ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಂಡಳು. "ಸರ್ಯಾಗೇ ಬಂತು," ಎಂದಳು.

ಮುಂದಿನ ಸೀಟಿನಿಂದ ಕಾಳಿಯಮ್ಮಾಳ್ ತಿರುಗದೆಯೇ ಕೇಳಿದಳು. "ಇಳಿದ ಕೂಡ್ಲೆ ಬೂತಿಂದ ಒಡ್ಡನ್‌ಛತ್ರಕ್ಕೆ ಫೋನ್ ಮಾಡ್ಬೇಕು, ಬರಬ್ಯಾಡಿ ಅಂತ. ಯಾರು ಮಾಡ್ತೀರಾ?"

ಅವ್ವನೂ ಮಲಗಿರಲಿಲ್ಲ.

"ನಾನೇ ಮಾಡ್ತೀನಿ," ಎಂದಳು ತಮಿಳರಸಿ. ಹಾಗೆನ್ನುತ್ತಲೇ ದೊಡ್ಡದೊಂದು ಆಕಳಿಕೆ ಬಂತು. ಮೈಯೆಲ್ಲ ಸಡಿಲವಾಯಿತು. ಸರಳನ್ನು ಬಿಟ್ಟು ಅವಳ ತಲೆ ಮೆಲ್ಲಗೆ ಅವನ ಹೆಗಲಿಗೆ ಒರಗಿತು.

"ಉತ್ತಮಪಾಳಯ ಬಂದಾಗ ಎಬ್ಬಿಸಿ."

"ಹಾಡು ಹಾಕ್ಲಾ?"

"ಬ್ಯಾಡ, ಅದು ಅರ್ಧಕ್ಕರ್ಧ ತಪ್ತೈತೆ. ನೀವು ಸುಮ್ಮನೆ ಪಕ್ಕದಾಗೆ ಕೂತಿರಿ, ಸಾಕು."